ಹಿತ್ತಲಕ್ಕ ಸಿಮೆಂಟ್ ಬಡಿಯೂ ಮುಂದ ಒಂದು ಮಾತು

ನಿನ್ನಿ ನಮ್ಮ ಓಣ್ಯಾಗ ಇನ್ನೊಂದು ಹಿತ್ತಲಕ್ಕ ಸಿಮೆಂಟ್ ಬಿತ್ತು. ಯಾರ ಮನಿ ಅಂತ ಹೇಳೂದಿಲ್ಲ. ಆಕೀನೂ ಇದನ್ನ ಓದ್ತಾಳ, ಸಿಟ್ಟು ಮಾಡ್ಕೋಬ್ಯಾಡವ್ವ ಅಂತ ಮೊದಲ ಹೇಳಿಬಿಡ್ತೀನಿ. ಮುಂಜಾನೆ ಮಿಕ್ಸರ್ ಗಡಗಡ ಶುರುವಾತು, ಸಂಜಿಗೆ ನಿಂತು. ಎರಡು ಕರಿಬೇವಿನ ಗಿಡ, ಒಂದು ದಾಸವಾಳ, ಬಸಳಿ ಬಳ್ಳಿ ಇದ್ದ ಜಾಗಾ ಅಷ್ಟೂ ಬೆಳ್ಳಗ, ಸಪಾಟ ಆಗಿತ್ತು. "ಇನ್ನ ಮಳಿಗಾಲದಾಗ ಕೆಸರಿನ ತ್ರಾಸ ಇಲ್ಲ ನೋಡ್ರಿ ಅಕ್ಕಾರ" ಅಂತ ಕಂಪೌಂಡ ಮ್ಯಾಲಿಂದ ಖುಷೀಲೆ ಹೇಳಿದ್ಲು. ನಾನು ಹೂಂ ಅಂದೆ. ಬ್ಯಾಡ ಅನ್ನಾಕ ನನಗ ಯಾವ ಮಾರಿ ಐತಿ? ನಾಕು ವರ್ಷದ ಹಿಂದ ನಾನೂ ಹಿಂಗ ಕುಣಿದಾಕಿನ. ಅದಕ್ಕ ಬಾಯಿಲೆ ಹೇಳಲಾರದ್ದನ್ನ ಇಲ್ಲಿ ಬರಿಯಾಕತ್ತೀನಿ.

ನಮ್ಮ ಧಾರವಾಡದ ಮನಿ ಹಿತ್ತಲ ಏನ ದೊಡ್ಡದಲ್ಲ. ಬಚ್ಚಲಮನಿ ಬಿಟ್ಟು 20 ಅಡಿ ಅಗಲ, 25 ಅಡಿ ಉದ್ದ. ಅಡಗಿಮನಿ ಹಿಂಬಾಗಲಾ ತಗದ್ರ ಒಂದು ಕಟ್ಟಿ ಐತಿ, 14 ಅಡಿ ಉದ್ದ, 6 ಅಡಿ ಅಗಲ, ಎರಡು ಅಡಿ ಎತ್ತರ. ನಮ್ಮ ಮಾವ ಮನಿ ಕಟ್ಟಿಸಿದಾಗ ಅದಕ್ಕ ಶಹಾಬಾದಿ ಫರ್ಸಿ ಹಾಕ್ಸಿದ್ರು. ಆ ಕಟ್ಟಿ ಮ್ಯಾಲೆ ಆಗದ ಕೆಲಸಾನ ಇಲ್ಲ. ಬ್ಯಾಸಿಗ್ಯಾಗ ಶಾವಗಿ, ಹಪ್ಪಳ, ಸಂಡಗಿ ಒಣಗಸೂದು. ಮೆಣಸಿನಕಾಯಿ ತುಂಬು ಮುರಿಯೂದು. ಪಲ್ಯ ಸೋಸೂದು. ಹುಡುಗ್ರ ತಲಿಗೆ ಎಣ್ಣಿ ಬಡದು ಹೇನು ನೋಡೂದು. ಆಚಿ ಮನಿಯವ್ರು ಒಂದು ಬಟ್ಟಲ ಹಾಲು ಕೇಳಾಕ ಬಂದ್ರ ಹಿಂದಿನ ಬಾಗಲಕ್ಕ ಬರೂದು, ಮುಂದಿನ ಬಾಗಲಕ್ಕಲ್ಲ. ಪಡಸಾಲಿ ಅಂದ್ರ ಗಂಡಸರದು, ಬಂದು ಹೋಗವ್ರದು. ಅಲ್ಲಿ ನಾವು ಚಾ ಕೊಟ್ಟು ಒಳಗ ಬರೂದಷ್ಟ. ಹಿತ್ತಲ ಕಟ್ಟಿ ನಮ್ಮದು. ಮದುವಿಯಾಗಿ ಬಂದ ಹೊಸದಾಗ ತವರುಮನಿ ನೆನಸಿ ನಾನು ಕಣ್ಣೀರು ಹಾಕಿದ್ದೂ ಅಲ್ಲೇ. ನಮ್ಮ ಅತ್ತಿ ಅದನ್ನ ನೋಡಿ, ಏನೂ ಕೇಳದ, ಒಂದು ಬುಟ್ಟಿ ಅವರಿಕಾಯಿ ತಂದು ಮುಂದ ಇಟ್ಟು "ಸುಲಿ" ಅಂದದ್ದೂ ಅಲ್ಲೇ.

ಆ ಫರ್ಸಿ ನಡುವ ಸೀಳಿದ್ವು. ಒಂದು ಮೂಲಿ ಕೆಳಗ ಇಳದಿತ್ತು. ನಮ್ಮ ಕಡಿ ಎರಿ ಮಣ್ಣಿನ ಗುಣಾ ನಿಮಗ ಗೊತ್ತೈತಿ. ಮಳಿ ನೀರು ಕುಡದು ಉಬ್ಬತೈತಿ, ಬ್ಯಾಸಿಗಿಗೆ ಒಣಗಿ ಕೈ ತೂರೂವಷ್ಟು ಬಿರಿತೈತಿ. ಅದರ ಮ್ಯಾಲೆ ಕುಂತ ಕಲ್ಲು ವರ್ಷಾ ಏರಿ ವರ್ಷಾ ಇಳದ್ರ ಸೀಳದ ಇನ್ನೇನ ಮಾಡತೈತಿ? ಆದ್ರ ಅದನ್ನ ಆಗ ಯಾರೂ ವಿಚಾರ ಮಾಡಲಿಲ್ಲ. ಬಂದ ಗೌಂಡಿ "ಇದರ ಮ್ಯಾಲೆ ಟೈಲ್ಸ್ ಕುಂದರಿಸಿ ಬಿಡೂಣ್ರಿ, ಎರಡು ದಿನದ ಕೆಲಸ" ಅಂದ. ಇವರು ಹೂಂ ಅಂದ್ರು. ಅಂಗಡಿಗೆ ಹೋಗಿ ಟೈಲ್ಸ್ ಆರಿಸಿದಾಕಿ ನಾನು. ತಿಳಿ ಗುಲಾಬಿ ಬಣ್ಣ, ಮಾರಿ ಕಾಣೂ ಹಂಗ ಹೊಳಪು. ಒರಟು ಟೈಲ್ಸ್ ಅಲ್ಲೇ ಮಗ್ಗಲದಾಗ ಇದ್ವು, ಬಚ್ಚಲಕ್ಕ ಹಾಕೂವಂಥವು, ನನಗ ಸೇರಲಿಲ್ಲ. ನಮ್ಮ ನೆಗೆಣ್ಣಿ ಹೊಸ ಮನ್ಯಾಗ ಇಂಥಾವ ಇದ್ವು, ನನಗೂ ಬೇಕಂತ ಮನಸಿನಾಗ ಇತ್ತು. ಖರೆ ಹೇಳಾಕ ಕುಂತ ಮ್ಯಾಲೆ ಇದನ್ನ ಯಾಕ ಮುಚ್ಚಿಡ್ಲಿ.

ಎರಡನೇ ಮಳಿಗಾಲ. ಪಂಚಮಿ ಮೂರು ದಿನ ಇತ್ತು. ಶೇಂಗಾ ಹುರದು, ಎಳ್ಳು ಹುರದು, ಬೆಲ್ಲ ಕುಟ್ಟಿ ಇಟ್ಟಿದ್ವಿ. ಅಕ್ಕಿ ತೊಳದ ನೀರು ಚೆಲ್ಲಾಕ ಅತ್ತಿ ಹಿಂದ ಹೋದ್ರು. ಜಿಟಿಜಿಟಿ ಮಳಿ, ಟೈಲ್ಸ್ ಮ್ಯಾಲೆ ಕಣ್ಣಿಗೆ ಕಾಣದಂಥ ಪಾಚಿ. ನನಗ ಕೇಳಿಸಿದ್ದು ಪಾತ್ರಿ ಉಳ್ಳಿದ ಸಪ್ಪಳ ಅಷ್ಟ. ಬಲಗೈ ಮುಂಗೈ ಎಲಬು ಮುರದಿತ್ತು, ಮೊಣಕಾಲಿಗೂ ಪೆಟ್ಟು ಬಿದ್ದಿತ್ತು. ಆರು ವಾರ ಪ್ಲಾಸ್ಟರ್. ಆ ವರ್ಷ ಪಂಚಮಿ ಉಂಡಿ ನಾನೊಬ್ಬಾಕಿನ ಕಟ್ಟಿದೆ. ಅತ್ತಿ ಮಗ್ಗಲದಾಗ ಖುರ್ಚಿ ಮ್ಯಾಲೆ ಕುಂತು "ಪಾಕ ಏರೇತಿ, ಲಗೂ ಕಟ್ಟು" ಅಂತ ಹೇಳ್ತಿದ್ರು. ಒಂದು ಮಾತು ನನಗ ಅನ್ನಲಿಲ್ಲ. ಟೈಲ್ಸ್ ಹೆಸರನ್ನ ಎತ್ತಲಿಲ್ಲ. ಅಂದಿದ್ರ ಹಗೂರ ಆಗ್ತಿತ್ತು.

ಕೈ ಕೂಡಿತು. ಆದ್ರ ಅತ್ತಿ ಹಿತ್ತಲಕ್ಕ ಬರೂದು ಬಿಟ್ರು. ಮೊದಲ ಮೊಣಕಾಲ ನೋವು, ಕೆಳಗ ಕುಂತ್ರ ಏಳಾಕ ಬರೂದಿಲ್ಲ, ನೆಲಕ್ಕ ಬಗ್ಗಿ ಕಳೆ ಕೀಳಾಕ ಆಗೂದಿಲ್ಲ. ಈಗ ಅಂಜಿಕಿ ಬ್ಯಾರೆ. ಹಿಂಬಾಗಲದ ಹೊಸ್ತಿಲಕ್ಕ ಬಂದು ಚೌಕಟ್ಟು ಹಿಡಕೊಂಡು ನಿಂತು ನೋಡಿ, ತಿರುಗಿ ಟಿವಿ ಮುಂದ ಹೋಗಿ ಕುಂದರತಿದ್ರು. ಇವರು, ನಮ್ಮ ಮೈದುನ ಕೂಡಿ ತೀರ್ಮಾನ ಮಾಡಿದ್ರು: ಹೆಂಗೂ ಯಾರೂ ಹಿತ್ತಲಕ್ಕ ಹೋಗೂದಿಲ್ಲ, ಪೂರ್ತಿ ಸಿಮೆಂಟ್ ಮಾಡಿ ಗಾಡಿ ನಿಂದರಸೂಣು, ಮುಂದ ಒಂದು ಖೋಲಿ ಎಬ್ಬಿಸಿ ಕಲಿಯೂ ಹುಡುಗ್ರಿಗೆ ಬಾಡಗಿ ಕೊಡೂಣು.

ಈ ಮಾತನ್ನ ನಾನು ತಿರಸ್ಕಾರ ಮಾಡೂದಿಲ್ಲ. ಧಾರವಾಡ ಅಂದ್ರ ಕಲಿಯಾಕ ಬಂದವ್ರ ಊರು, ಖೋಲಿ ಯಾವತ್ತೂ ಖಾಲಿ ಇರೂದಿಲ್ಲ. ಸಾಲಾ ಇದ್ದವ್ರಿಗೆ, ಮಗಳ ಮದುವಿ ಮುಂದಿದ್ದವ್ರಿಗೆ ತಿಂಗಳಾ ಬರೂ ಬಾಡಗಿ ದೊಡ್ಡದು. ಅಂಥವ್ರಿಗೆ ನೀವು ಖೋಲಿ ಕಟ್ಟಬ್ಯಾಡ್ರಿ, ಮೆಂತೆ ಬಿತ್ರಿ ಅಂತ ಹೇಳೂ ಸೊಕ್ಕು ನನಗಿಲ್ಲ. ನಾ ಕೇಳೂದು ಬ್ಯಾರೆ. ಖೋಲಿನೂ ಇಲ್ಲ, ಗಾಡಿನೂ ಇಲ್ಲ, ಬರೀ "ಸ್ವಚ್ಛ ಕಾಣ್ಲಿ" ಅಂತ ಗ್ವಾಡಿಯಿಂದ ಗ್ವಾಡಿಗೆ ಸಿಮೆಂಟ್ ಸುರಿತೀವಲ್ಲ, ಅದು ಯಾಕ? ಕೆಸರು ತ್ರಾಸ ಖರೆ. ಆದ್ರ ಮಳಿ ನೀರು ಇಳಿಯೂ ಮಣ್ಣು ಮುಚ್ಚಿದ್ರ ಆ ನೀರು ಎಲ್ಲಿಗೆ ಹೋಗತೈತಿ? ಇಳಿಜಾರಿದ್ದ ಕಡಿ, ಮಗ್ಗಲದವ್ರ ಬಚ್ಚಲಕ್ಕ, ನಮ್ಮ ಪಾಯಾಕ್ಕ. ಮಲಪ್ರಭಾ ನೀರು ಎಷ್ಟೋ ದಿನಕ್ಕೊಮ್ಮೆ ನಳಕ್ಕ ಬರೂ ಊರಾಗ, ಮ್ಯಾಲಿಂದ ಪುಕ್ಕಟ ಬಂದ ನೀರನ್ನ ಗಟಾರಕ್ಕ ಹಾದಿ ಮಾಡಿ ಕಳಸ್ತೀವಿ. ಮ್ಯಾಲೆ ಮಾರ್ಚ, ಏಪ್ರಿಲ್ ಬಿಸಲಾಗ ಆ ಸಿಮೆಂಟ್ ಕಾದು ರಾತ್ರಿ ಹತ್ತರತನಕ ಅಡಗಿಮನಿಗೆ ಧಗಿ ಹೊಡಿತೈತಿ. ಸ್ಟೋ ಮುಂದ ನಿಂದರವ್ರು ಯಾರು? ಸಿಮೆಂಟ್ ಹಾಕ್ಸಿದವ್ರಂತೂ ಅಲ್ಲ.

ಜಗಳಾ ಆತು. ಹೆಚ್ಚಿಗಿ ಬರಿಯೂದಿಲ್ಲ. ಕಡೀಗೆ ನನ್ನ ಭಿಶಿ ಎತ್ತಿದ್ದ ರೊಕ್ಕದಾಗ ನಾನು ಮಾಡಸ್ತೀನಿ, ಒಂದು ವರ್ಷ ನೋಡ್ರಿ, ಆಗದಿದ್ರ ಸಿಮೆಂಟ್ ಹಾಕ್ರಿ ಅಂತ ಒಪ್ಪಂದ ಆತು. ಮೈದುನನ ಎರಡು ಗಾಡಿಗೆ ಕಂಪೌಂಡ ಬಾಜೂಕ ನಾಕು ಅಡಿ ಪಟ್ಟಿ ಬಿಟ್ಟು ಕೊಟ್ಟೆ. ಅದಕ್ಕ ಖಡಿ ಹಾಕ್ಸಿ ದಮ್ಮಾಸ ಹೊಡಿಸೀನಿ, ಕೆಸರಾಗೂದಿಲ್ಲ, ನೀರೂ ಇಂಗತೈತಿ.

ಮೊದಲ ಕಟ್ಟಿ. ಈ ಸಲ ಬಂದ ಗೌಂಡಿ ವಯಸ್ಸಾದವ್ರು. ಅವ್ರು ಕಟ್ಟಿ ಮ್ಯಾಲೆ ಒಂದು ತಂಬಗಿ ನೀರು ಚೆಲ್ಲಿ ಸುಮ್ಮನ ನಿಂತ್ರು. ನೀರು ಹೊರಗ ಹೋಗಲಿಲ್ಲ, ಮನಿ ಗ್ವಾಡಿ ಕಡಿ ಬಂತು. "ಇಳಿಜಾರ ಉಲ್ಟಾ ಐತ್ರಿ ಅವ್ವಾರ, ಇಲ್ಲಿ ನೀರು ನಿಂತ ನಿಂತ ಪಾಚಿ ಕಟ್ಟೇತಿ" ಅಂದ್ರು. ಎಷ್ಟು ಸಾದಾ ಪರೀಕ್ಷಾ ನೋಡ್ರಿ. ನಿಮ್ಮ ಕಟ್ಟಿಗೆ ಕೈ ಹಚ್ಚೂ ಮೊದಲ ಇಷ್ಟರೆ ಮಾಡ್ರಿ. ಟೈಲ್ಸ್ ಒಡದು ತಗದ್ವಿ, ಹಳೇ ಫರ್ಸಿ ಎಬ್ಬಿಸಿದ್ವಿ. ಕುಸದ ಮೂಲಿಯೊಳಗಿನ ಎರಿ ಮಣ್ಣು ಅಡಿ ಮೇಲಷ್ಟು ತಗದು ಗರಸು ತುಂಬಿ, ನೀರು ಬಿಟ್ಟು ಬಡಿದ್ವಿ. ಮ್ಯಾಲೆ ಮತ್ತ ಶಹಾಬಾದಿ ಫರ್ಸಿನ, ಆದ್ರ ಪಾಲಿಶ್ ಹೊಡಿಸದ್ದು, ಕಾಲಿಗೆ ಒರಟು ಹತ್ತೂವಂಥದ್ದು. ಅಡಿಗೆ ಕಾಲು ಇಂಚು ಲೆಕ್ಕದಾಗ ಹೊರಗಿನ ಕಡಿ ಇಳಿಜಾರ. ಆರು ಅಡಿಗೆ ಒಂದೂವರಿ ಇಂಚು ಆತು, ಕಣ್ಣಿಗೆ ಗೊತ್ತೂ ಆಗೂದಿಲ್ಲ, ನೀರಿಗೆ ಗೊತ್ತಾಗತೈತಿ.

ಮೆಟ್ಟಲದ ಬಗ್ಗೆ ನಾನು ಹಟಾ ಹಿಡದೆ. ಮೊದಲ ಎರಡು ಅಡಿ ಎತ್ತರಕ್ಕ ಮೂರು ಏರು ಇದ್ವು, ಒಂದೊಂದು ಎಂಟು ಇಂಚು. ವಯಸ್ಸಾದ ಮೊಣಕಾಲಿಗೆ ಎಂಟು ಇಂಚು ಭಾಳ ಆಗತೈತಿ. ಈಗ ನಾಕು ಏರು, ಆರಾರು ಇಂಚು, ಪಾದ ಪೂರ್ತಿ ಕುಂದರೂವಂಗ ಒಂದೊಂದು ಮೆಟ್ಟಲಾ ಒಂದು ಅಡಿ ಅಗಲ. ಬಾಜೂಕ ಕಬ್ಬಿಣದ ಪೈಪಿನ ಕಟಾಂಜನ. ಕಟಾಂಜನಕ್ಕ ರೊಕ್ಕ ಹಾಕಾಕ ಇವರು ಹಿಂದ ಮುಂದ ನೋಡಿದ್ರು. ಈಗ ಅದನ್ನ ಹಿಡಕೊಂಡು ಮೊದಲ ಇಳಿಯವ್ರು ಅವರ.

ಇನ್ನ ಮಡಿ. ಏರು ಮಡಿ ಅಂದ್ರ ನಮ್ಮ ದೊಡ್ಡವ್ವ "ಅಟ್ಟದ ಮ್ಯಾಲೆ ಮಡಿ ಸೀರಿ ಒಣಗ ಹಾಕಿಯೇನ?" ಅಂತ ಫೋನಿನ್ಯಾಗ ಕೇಳಿದ್ಲು! ಆ ಮಡಿ ಅಲ್ರೀ. ಪಲ್ಯ ಬಿತ್ತೂ ಮಡಿ, ನೆಲದಿಂದ ಎತ್ತರ ಕಟ್ಟಿದ್ದು. ಬಗ್ಗಲಾರದವ್ರಿಗೆ ನೆಲಾನ ಮ್ಯಾಲೆ ತಂದು ಕೊಡೂದು. ನಮ್ಮ ಎರಿ ಮಣ್ಣಾಗ ಇನ್ನೊಂದು ಅನುಕೂಲ ಐತಿ: ಮಳಿಗಾಲದಾಗ ನೀರು ಹಿಡದು ಬೇರು ಕೊಳಿಯೂದು ತಪ್ಪತೈತಿ, ಯಾಕಂದ್ರ ಒಳಗಿನ ಮಣ್ಣು ನಾವು ಕಲಸಿದ್ದು.

ಮೂರು ಮಡಿ ಮಾಡಸೀನಿ. ಒಂದು, ಕಟ್ಟಿಗೆ ಸಮ ಎರಡು ಅಡಿ ಎತ್ತರ, ಇಟ್ಟಂಗಿದು. ಕಟ್ಟಿಗೂ ಅದಕ್ಕೂ ನಡುವ ಕಾಲು ಇಳಿ ಬಿಡೂವಷ್ಟು ಸಂದಿ. ಕಟ್ಟಿ ಅಂಚಿಗೆ ಕುಂತ್ರ ಎದುರಿಗೆ ಮಣ್ಣು. ಉದ್ದ 10 ಅಡಿ, ಅಗಲ ಎರಡ ಅಡಿ. ಇನ್ನೆರಡು 8 ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರಿ ಅಡಿ ಎತ್ತರ. ಇವಕ್ಕ ಗ್ವಾಡಿ ಕಟ್ಟಲಿಲ್ಲ, ಕಟ್ಟಿಯಿಂದ ಎಬ್ಬಿಸಿದ ಹಳೇ ಫರ್ಸಿ ಇದ್ವಲ್ಲ, ಎರಡಡಿ ಚೌಕದವು, ಸೀಳದ್ದನ್ನ ಆರಿಸಿ ಅರ್ಧ ಅಡಿ ಹುಗದು ನಿಲ್ಲಿಸಿದ್ವಿ. ಮಾವ ಹಾಕ್ಸಿದ ಕಲ್ಲು, ಒಗಿಯಾಕ ಮನಸ್ಸು ಬರಲಿಲ್ಲ. ಕಟಗಿ ಹಲಗಿಲೆ ಮಾಡ್ರಿ ಅಂತ ಮೊಬೈಲದಾಗ ತೋರಸ್ತಾರ, ಛಂದ ಕಾಣತಾವ. ನಮ್ಮ ಮಣ್ಣಾಗ ಗೆದ್ದಲಾ ಅದನ್ನ ಎಷ್ಟು ದಿನ ಬಿಟ್ಟೀತು? ಕಲ್ಲು ಸಿಗೂ ಊರಾಗ ಕಟಗಿ ಯಾಕ?

ಮಣ್ಣಿನ ಲೆಕ್ಕ ಹೇಳ್ತೀನಿ, ಇದರಾಗ ಭಾಳ ಮಂದಿ ಮೋಸ ಹೋಗ್ತಾರ. ಉದ್ದ, ಅಗಲ, ಎತ್ತರ ಗುಣಿಸಿದ್ರ ನನ್ನ ಮೂರು ಮಡಿಗೆ ಕೂಡಿ 112 ಘನ ಅಡಿ. ಒಂದು ಬ್ರಾಸ್ ಅಂದ್ರ 100. ಪೂರ್ತಿ ಮಣ್ಣ ಬೇಕಂತಿಲ್ಲ. ಕೆಳಗಿನ ಅರ್ಧ ಅಡಿಗೆ ಒಡದ ಟೈಲ್ಸ್, ಇಟ್ಟಂಗಿ ಚೂರು, ತೆಂಗಿನ ಚಿಪ್ಪು, ಅದರ ಮ್ಯಾಲೆ ಒಣ ಎಲಿ. ನನ್ನ ಗುಲಾಬಿ ಟೈಲ್ಸ್ ಎಲ್ಲಾ ಅಲ್ಲೇ ಅಡ್ಯಾಗ ಅದಾವ. ಮ್ಯಾಲೆ ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಹಳೇ ತಿಪ್ಪಿಗೊಬ್ಬರ, ಅರ್ಧ ಪಾಲು ಉಸುಕು, ಬುಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಹಳೇದ ಇರಬೇಕ್ರಿ. ಹಸಿ ಸಗಣಿ ಹಾಕಿದ್ರ ಒಳಗ ಕಾವು ಎದ್ದು ಬೀಜ ಸುಡತಾವ. ಗ್ವಾಡಿ ಬುಡಕ್ಕ ಎರಡೆರಡು ಅಡಿಗೊಂದು ತೂತು ಬಿಡ್ರಿ, ನೀರು ಹೋಗಾಕ.

ತಪ್ಪೂ ಮಾಡೀನಿ. ಮೊದಲನೇ ದೊಡ್ಡ ಮಳಿಗೆ ಒಂದು ಫರ್ಸಿ ಹೊರಗ ವಾಲಿತು, ಮಣ್ಣು ನೀರು ಕುಡದು ಒತ್ತಿತ್ತು. ಆಮ್ಯಾಲೆ ಹೊರಗಿನಿಂದ ಸಳಿ ಹೊಡದು ನಿಲ್ಲಿಸಿದ್ವಿ. ನೀವು ಮೊದಲ ಹೊಡಸ್ರಿ. ಮಣ್ಣು ಒಂದು ಮಳಿಗಾಲದಾಗ ಮೂರು ನಾಕು ಇಂಚು ಕುಸೀತು, ಮತ್ತ ತುಂಬಬೇಕಾತು. ಬಿತ್ತಿದ ಮೊದಲನೇ ಪಾಲಕ ಬಸವನಹುಳದ ಪಾಲಾತು. ಆಕಡಿ ಮಡಿ ಪೇರಲಗಿಡದ ನೆಳ್ಳಿಗೆ ಬಿದ್ದೇತಿ, ಅಲ್ಲಿ ಬದನಿ ಹಚ್ಚಿ ಎಲಿ ಬೆಳಸೀನಿ, ಕಾಯಿ ಇಲ್ಲ. ಐದಾರು ತಾಸು ಬಿಸಲ ಬೀಳೂ ಜಾಗಾ ನೋಡಿ ಮಡಿ ಕಟ್ಟಬೇಕಿತ್ತು, ನಾನು ಕಟ್ಟಿದ ಮ್ಯಾಲೆ ಬಿಸಲ ಹುಡುಕಿದೆ.

ರೊಕ್ಕದ ಮಾತು ತಗೀದಿದ್ರ ನಮ್ಮ ಮಂದಿ ಬಿಡೂದಿಲ್ಲ. ಎಲ್ಲಾ ಕೂಡಿ 27 ಸಾವಿರದ ಮ್ಯಾಲೆ ಸ್ವಲ್ಪ ಆತು, ಅದರಾಗ ಅರ್ಧಕ್ಕಿಂತ ಹೆಚ್ಚು ಕಟ್ಟಿಗೆ, ಕಟಾಂಜನಕ್ಕ. "ಅಷ್ಟಕ್ಕ ಸಂತಿಯಾಗ ಎಷ್ಟು ವರ್ಷದ ಪಲ್ಯ ಬರತಿತ್ತು" ಅಂತ ನಮ್ಮ ನಾದಿನಿ ಕೇಳಿದ್ಲು. ಲೆಕ್ಕ ಹಾಕಿದೆ. ವಾರಕ್ಕ 200 ರೂಪಾಯಿ ಉಳೀತಾವ ಅಂತ ಹಿಡದ್ರೂ 135 ವಾರ, ಎರಡೂವರಿ ವರ್ಷದ ಮ್ಯಾಲೆ. ಬ್ಯಾಸಿಗ್ಯಾಗ ನೀರಿಲ್ಲದ ದಿನ ಏನೂ ಬರೂದಿಲ್ಲ, ಅದನ್ನ ಕಳದ್ರ ಇನ್ನೂ ಮುಂದ ಹೋಗತೈತಿ. ಹಿಂಗಾಗಿ ಉಳಿತಾಯದ ಸಲುವಾಗಿ ಮಾಡ್ರಿ ಅಂತ ನಾನು ಯಾರಿಗೂ ಹೇಳೂದಿಲ್ಲ. ಹಂಗ ಹೇಳವ್ರನ್ನ ನಂಬಲೂ ಬ್ಯಾಡ್ರಿ.

ಹಂಗ ಇನ್ನೊಂದು ನನಗ ಸೇರದ್ದು, ಪ್ಲಾಸ್ಟಿಕ್ ಹಸರ ಹುಲ್ಲು. ಇತ್ತಿತ್ತಲಾಗ ಎಲ್ಲಾ ಕಡಿ ಹಾಸಾಕತ್ತಾರ. ಒಂದು ಉಯ್ಯಾಲಿ ಖುರ್ಚಿ, ನಾಕು ಬಣ್ಣದ ಕುಂಡಿ, ಫೋಟೋ ತಗಿಯಾಕ ಭೇಷ್. ಆ ಹಿತ್ತಲದಾಗ ಮೆಣಸಿನಕಾಯಿ ಒಣಗಸಾಕ ಬರೂದಿಲ್ಲ, ಮುಸರಿ ನೀರು ಚೆಲ್ಲಾಕ ಬರೂದಿಲ್ಲ, ಪಾತ್ರಿ ತಿಕ್ಕಾಕ ಬರೂದಿಲ್ಲ. ನಮ್ಮ ಕೆಲಸಕ್ಕ ಬಾರದ ಹಿತ್ತಲ ನಮ್ಮ ಮನಿ ಮುಂದಿನ ಪಡಸಾಲಿ ಇದ್ದಂಗ ಆತಲ್ಲ, ಮಂದಿ ನೋಡಾಕ.

ಅತ್ತಿ ಏನಂದ್ರು ಅಂತ ಕೇಳ್ತೀರಿ. ಮೊದಲ ನಕ್ಕರು. "ಗೋದಲಿ ಹಂಗ ಐತಿ, ಇದರಾಗ ಎಮ್ಮಿ ಕಟ್ತಿಯೇನ?" ಅಂದ್ರು. ಎರಡು ವಾರ ಹೊಸ್ತಿಲ ದಾಟಲಿಲ್ಲ. ನಾನೂ ಕರಿಲಿಲ್ಲ. ಮೆಂತೆ ಬಿತ್ತಿದ್ದೆ, ಮೊಳಕಿ ಬಂತು, ನಾನು ಬೇಕಂತಲೋ ಏನೋ ಭಾಳ ದಟ್ಟ ಬಿತ್ತಿದ್ದೆ. ಒಂದು ಮುಂಜಾನೆ ಚಾ ಕಾಸಾಕತ್ತಿದ್ದೆ. ಹಿಂದ ಕಟಾಂಜನಕ್ಕ ಬಳಿ ತಾಕಿದ ಸಪ್ಪಳಾತು. ನಾನು ತಿರುಗಿ ನೋಡಲಿಲ್ಲ, ನೋಡಿದ್ರ ಒಳಗ ಬಂದ್ಬಿಡ್ತಾರ ಅಂತ. ಚಾ ತಗೊಂಡು ಹೋದಾಗ ಕಟ್ಟಿ ಅಂಚಿಗೆ ಕುಂತು, ಸೀರಿ ಸೆರಗು ಸೊಂಟಕ್ಕ ಸಿಗಿಸಿ, ಎರಡೂ ಕೈಲೆ ಮೆಂತೆ ತೆಳು ಮಾಡಾಕತ್ತಿದ್ರು. "ಕಣ್ಣು ಮುಚ್ಚಿ ಬಿತ್ತಿದ್ದೇನ?" ಅಂದ್ರು. ಕಿತ್ತ ಎಳೇ ಮೆಂತೆ ಒಂದು ಹಿಡಿ ನನ್ನ ಕೈಯಾಗ ಕೊಟ್ಟು ಝುಣಕಕ್ಕ ಹಾಕು ಅಂದ್ರು.

ಆ ಮುರದ ಕೈ ಇನ್ನೂ ಪೂರ್ತಿ ತಿರಗೂದಿಲ್ಲ. ತಂಬಗಿ ಎತ್ತಿದ್ರ ನಡಗತೈತಿ. ಏರು ಮಡಿ ಕಟ್ಟಿದ್ರ ಎಲಬು ನೆಟ್ಟಗಾಗತೈತಿ ಅಂತ ನಾನು ಹೇಳಾಕ ಬಂದಿಲ್ಲ, ಅದು ನನ್ನ ಟೈಲ್ಸಿನ ಲೆಕ್ಕ, ಹಂಗ ಉಳಿತೈತಿ. ಆದ್ರ ಈಗ ದಿನಾ ಮುಂಜಾನೆ ಒಂದು ತಾಸು, ಸಂಜಿ ಒಂದು ತಾಸು ಅಲ್ಲೇ ಇರ್ತಾರ. ಕುಂತಲ್ಲಿಂದ ಕೈ ಮುಟ್ಟೂದು ಮಡಿಯ ಈಕಡಿ ಅರ್ಧ. ಅದು ಅವ್ರದು: ಮೆಂತೆ, ಸಬ್ಬಸಗಿ, ಕೊತ್ತಂಬರಿ, ರೊಟ್ಟಿ ಕೂಡ ಹಸೀದ ತಿನ್ನಾಕ ಹಕ್ಕರಕಿ. ಕೈ ಮುಟ್ಟದ ಆಕಡಿ ಅರ್ಧ ನನ್ನದು. ನನ್ನ ರಾಜಗಿರಿ ಅವ್ರ ಕಡಿ ಬಾಗಿದ್ರ ಬೈತಾರ. ಓಣಿ ಹೆಣಮಕ್ಕಳು ಮತ್ತ ಹಿಂಬಾಗಲಕ್ಕ ಬರಾಕತ್ತಾರ, ಬಂದವ್ರು ಕಟ್ಟಿ ಮ್ಯಾಲೆ ಕುಂದರತಾರ, ಕುಂತವ್ರ ಕೈಯಾಗ ಅತ್ತಿ ಏನರೆ ಸೋಸಾಕ ಕೊಡ್ತಾರ.

ವರ್ಷದ ಒಪ್ಪಂದ ಮುಂದಿನ ಹೋಳಿಗೆ ಮುಗಿತೈತಿ. ಇವರು ಬಾಯಿ ಬಿಟ್ಟಿಲ್ಲ. ಮೈದುನ ಮಾತ್ರ ಮೊನ್ನೆ ಅಳತಿ ಟೇಪು ಹಿಡದು ಹಿತ್ತಲದಾಗ ಅಡ್ಡಾಡಾಕತ್ತಿದ್ದ. ಅತ್ತಿ ಕಟ್ಟಿ ಮ್ಯಾಲಿಂದನ "ಏನ ಅಳ್ಯಾಕತ್ತಿಯೋ?" ಅಂದ್ರು. ಏನಿಲ್ಲವ್ವ ಅಂತ ಟೇಪು ಸುತ್ತಿ ಒಳಗ ಹೋದ.

ಮಗ್ಗಲ ಮನಿ ತಂಗಿ, ನಿನ್ನ ಸಿಮೆಂಟ್ ಹಾಕಿ ಆಗೈತಿ, ಒಡಿ ಅನ್ನೂದಿಲ್ಲ. ಅದರ ಮ್ಯಾಲೂ ಮಡಿ ಕಟ್ಟಾಕ ಬರತೈತಿ, ಒಂದೂವರಿ ಅಡಿ ಎತ್ತರ ಇಟ್ಟು ನೀರು ಹೋಗೂ ತೂತು ಬಿಟ್ರ ಸಾಕು. ನಿಮ್ಮ ಅತ್ತಿ ಬಸಳಿ ಬಳ್ಳಿ ಕಡಿಯೂ ಮುಂದ ನಾಕು ಕಡ್ಡಿ ನಾನು ಈಕಡಿ ಎಳಕೊಂಡಿದ್ದೆ, ನೀರಾಗ ಇಟ್ಟೀನಿ, ಬೇರು ಬಿಡಾಕತ್ತಾವ. ಬಂದು ಒಯ್ಯಿ. ಪುಂಡಿ ಬೀಜ ದೀವಳಿಗಿ ಆದ ಮ್ಯಾಲೆ ಬಲೀತಾವ, ಬೇಕಾದವ್ರು ಹಿಂಬಾಗಲಕ್ಕ ಬರ್ರಿ, ಚೀಲಾ ನೀವ ತರ್ರಿ. ಮತ್ತ ಪಂಚಮಿಯಾಗ ನನ್ನ ಸಣ್ಣ ಸಲಿಕಿ ಯಾರೋ ಒಯ್ದೀರಿ. ಅದನ್ನೂ ತಂದುಕೊಡ್ರಿ.